ಗೋಧಿ ಮಾರಿದ ರೂಪಾಯಿ, ಕಡಲು ದಾಟಿದ ಪುಸ್ತಕ

ಅಮೆರಿಕದ ಕೆಲವು ದೊಡ್ಡ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಅರವತ್ತು, ಎಪ್ಪತ್ತರ ದಶಕದ ಕನ್ನಡ ಪುಸ್ತಕಗಳು ಇಂದಿಗೂ ಕಪಾಟಿನಲ್ಲಿವೆ. ಅವುಗಳ ಗ್ರಂಥಸೂಚಿಯಲ್ಲಿ ಹಲವು ಕಡೆ ‘ಪಿ.ಎಲ್. 480’ ಎಂಬ ಗುರುತು ಕಾಣುತ್ತದೆ. ಹಿರಿಯ ತಲೆಮಾರಿನವರಿಗೆ ಈ ಹೆಸರು ಕೇಳಿದೊಡನೆ ನೆನಪಾಗುವುದು ಪುಸ್ತಕವಲ್ಲ, ಹಡಗಿನಲ್ಲಿ ಬರುತ್ತಿದ್ದ ಗೋಧಿ. ಗೋಧಿಗೂ ಕನ್ನಡ ಪುಸ್ತಕಕ್ಕೂ ಎಲ್ಲಿಯ ನಂಟು?

ನಂಟು ಬೆಸೆದದ್ದು ದೇಶದಿಂದ ಹೊರಗೆ ಹೋಗಲಾರದ ರೂಪಾಯಿ.

ಯುದ್ಧದ ಉಳಿಕೆಯಿಂದ ವಿದ್ಯೆಗೆ

ಈ ಕಥೆಯ ಮೂಲ ಎರಡನೇ ಮಹಾಯುದ್ಧದ ಕೊನೆಯಲ್ಲಿದೆ. ಅಮೆರಿಕದ ಸೇನೆಯ ಅಪಾರ ಸಾಮಗ್ರಿ ಆಗ ನಾನಾ ದೇಶಗಳಲ್ಲಿ ಉಳಿದುಹೋಗಿತ್ತು. ಅದನ್ನು ಮರಳಿ ಸಾಗಿಸುವುದಕ್ಕಿಂತ ಅಲ್ಲೇ ಮಾರುವುದು ಲೇಸೆನಿಸಿತು. ಆದರೆ ಯುದ್ಧದಿಂದ ಬಸವಳಿದ ದೇಶಗಳ ಬಳಿ ಡಾಲರ್ ಎಲ್ಲಿಂದ ಬರಬೇಕು? ಅರ್ಕನ್ಸಾದ ಸೆನೆಟರ್ ಜೆ. ವಿಲಿಯಂ ಫುಲ್‌ಬ್ರೈಟ್ ಒಂದು ಉಪಾಯ ಸೂಚಿಸಿದರು. ಬೆಲೆಯನ್ನು ಆಯಾ ದೇಶದ ಹಣದಲ್ಲೇ ಪಡೆಯುವುದು, ಅದನ್ನು ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ವಿನಿಮಯಕ್ಕೆ ಬಳಸುವುದು. 1946ರ ಆಗಸ್ಟ್ 1ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದರು. ಭಾರತದೊಡನೆ ಒಪ್ಪಂದವಾದದ್ದು 1950ರ ಫೆಬ್ರುವರಿ 2ರಂದು. ಸಹಿ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ ಮತ್ತು ಅಮೆರಿಕದ ರಾಯಭಾರಿ ಲಾಯ್ ಹೆಂಡರ್ಸನ್.

ಯುದ್ಧದ ಉಳಿಕೆ ಮುಗಿಯುವ ಹೊತ್ತಿಗೆ ಇನ್ನೊಂದು ಉಳಿಕೆ ಬೆಳೆದಿತ್ತು. ಅಮೆರಿಕದ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು. 1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಸಾರ್ವಜನಿಕ ಕಾನೂನು 480, ಅಂದರೆ ಪಿ.ಎಲ್. 480, ಈ ಧಾನ್ಯವನ್ನು ಸ್ಥಳೀಯ ಹಣಕ್ಕೆ ಮಾರಲು ದಾರಿ ಮಾಡಿತು. ಭಾರತ 1956ರಲ್ಲಿ ಮೊದಲ ಒಪ್ಪಂದ ಮಾಡಿಕೊಂಡಿತು. 1960ರಲ್ಲಿ ಆಹಾರ ಸಚಿವ ಎಸ್.ಕೆ. ಪಾಟೀಲರು ಸಹಿ ಹಾಕಿದ ಒಪ್ಪಂದವೊಂದರಲ್ಲೇ ನಾಲ್ಕು ವರ್ಷಗಳಿಗೆ 160 ಲಕ್ಷ ಟನ್ ಗೋಧಿ ಮತ್ತು 10 ಲಕ್ಷ ಟನ್ ಅಕ್ಕಿಯ ಮಾತಿತ್ತು.

ಖರ್ಚಾಗದ ಹಣ

ಗೋಧಿ ಬಂತು, ರೂಪಾಯಿ ಅಮೆರಿಕದ ಲೆಕ್ಕಕ್ಕೆ ಸೇರಿತು. ಆದರೆ ಆ ರೂಪಾಯಿಯನ್ನು ಬೇಕೆಂದಾಗ ಡಾಲರಿಗೆ ಬದಲಿಸಿ ಒಯ್ಯುವಂತಿರಲಿಲ್ಲ. ಇಲ್ಲೇ ಒಮ್ಮೆಗೇ ಖರ್ಚು ಮಾಡಿದರೆ ಸರಕಿಗಿಂತ ಹಣ ಹೆಚ್ಚಾಗಿ ಬೆಲೆ ಏರುವ ಭಯ. ಬಹುಪಾಲು ಹಣ ಸಾಲ, ಅನುದಾನಗಳ ರೂಪದಲ್ಲಿ ಭಾರತದ ಅಭಿವೃದ್ಧಿ ಕಾರ್ಯಗಳಿಗೇ ಮೀಸಲಾಯಿತು. ಉಳಿದ ಪಾಲು ಅಮೆರಿಕ ಸರ್ಕಾರದ ಸ್ವಂತ ಬಳಕೆಗೆ. ರಾಯಭಾರ ಕಚೇರಿಯ ವೆಚ್ಚ, ವಾರ್ತಾ ಸೇವೆ, ವಿದ್ವಾಂಸರ ವಿನಿಮಯ, ಕಾಲೇಜು ಪಠ್ಯಪುಸ್ತಕಗಳ ಅಗ್ಗದ ಮರುಮುದ್ರಣ ಎಲ್ಲಕ್ಕೂ ಈ ರೂಪಾಯಿ ಒದಗಿತು.

ಕನ್ನಡ ಪುಸ್ತಕಗಳು ಕಡಲು ದಾಟಿದ್ದೂ ಹೀಗೆಯೇ. ಪುಸ್ತಕ ಖರೀದಿಗೂ ಈ ಹಣ ಬಳಸಬಹುದೆಂದು 1958ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಅದನ್ನು ತಂದವರು ಕಾಂಗ್ರೆಸ್ ಸದಸ್ಯ ಜಾನ್ ಡಿಂಗೆಲ್. 1962ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿ ತೆರೆಯಿತು. ಕನ್ನಡ, ತಮಿಳು, ಬಂಗಾಳಿ ಎನ್ನದೆ ಭಾರತದ ಭಾಷೆಗಳ ಹೊಸ ಪ್ರಕಟಣೆಗಳನ್ನು ಕೊಂಡು, ಪಟ್ಟಿ ಮಾಡಿ, ಯೋಜನೆಗೆ ಸೇರಿದ ಗ್ರಂಥಾಲಯಗಳಿಗೆ ಕಳಿಸಿತು. ಅಲ್ಲಿ ಭಾರತದ ಭಾಷೆಗಳ ಅಧ್ಯಯನಕ್ಕೆ ಬೇಕಾದ ಗ್ರಂಥಭಂಡಾರ ಬೆಳೆದದ್ದು ಬಹುಮಟ್ಟಿಗೆ ಇದರಿಂದ.

ಕೊಡುವ ಕೈಯ ಮೇಲೆ ಕಣ್ಣು

ಹಣ ಕೊಟ್ಟವರು ಬುದ್ಧಿಯನ್ನೂ ಹೇಳಬಹುದಲ್ಲವೇ ಎಂಬ ಅನುಮಾನ ಭಾರತದಲ್ಲಿ ಏಳದೆ ಇರಲಿಲ್ಲ. 1966ರ ಮಾರ್ಚಿನಲ್ಲಿ ಇಂದಿರಾ ಗಾಂಧಿ ವಾಷಿಂಗ್ಟನ್ನಿಗೆ ಹೋದಾಗ ಅಧ್ಯಕ್ಷ ಜಾನ್ಸನ್ ಒಂದು ಪ್ರಸ್ತಾವ ಮುಂದಿಟ್ಟರು. 30 ಕೋಟಿ ಡಾಲರ್ ಮೌಲ್ಯದ ರೂಪಾಯಿ ನಿಧಿಯಿಂದ ಶಿಕ್ಷಣಕ್ಕಾಗಿ ಭಾರತ-ಅಮೆರಿಕ ಪ್ರತಿಷ್ಠಾನ ಸ್ಥಾಪಿಸುವುದು ಅದರ ಸಾರ. ನಮ್ಮ ವಿಶ್ವವಿದ್ಯಾಲಯಗಳ ಮೇಲೆ ಪರರ ಹಿಡಿತವೇಕೆ ಎಂದು ವಿರೋಧ ಎದ್ದಿತು. ಪ್ರಸ್ತಾವ ಅಲ್ಲಿಗೇ ನಿಂತಿತು. 1970ರಲ್ಲಿ ವಿದೇಶಿ ಸಾಂಸ್ಕೃತಿಕ ಕೇಂದ್ರಗಳಿಗೆ ಸರ್ಕಾರ ಕಡಿವಾಣ ಹಾಕಿದಾಗ ತಿರುವನಂತಪುರ, ಲಖನೌ, ಪಟ್ನಾ ಮುಂತಾದ ಕಡೆ ಅಮೆರಿಕದ ಕೇಂದ್ರಗಳು ಬಾಗಿಲು ಮುಚ್ಚಬೇಕಾಯಿತು.

ಅನುಮಾನ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ವಾರ್ತಾ ಸೇವೆಯ ಕೆಲಸವೇ ತನ್ನ ದೇಶದ ಪರವಾಗಿ ಮಾತಾಡುವುದಾಗಿತ್ತು. ಆದರೆ ಅದೇ ದುಡ್ಡಿನಿಂದ ಕೊಂಡ ಕನ್ನಡ ಪುಸ್ತಕ ಮಾತಾಡಿದ್ದು ಕನ್ನಡದ ಪರವಾಗಿ. ಹಣ ಒಂದೇ ಆದರೂ ಫಲ ಬೇರೆಯಾಯಿತು.

ದೊಡ್ಡ ಚೆಕ್ಕು

ಬೆಟ್ಟದಂತೆ ಬೆಳೆದ ಹಣ ಇಬ್ಬರಿಗೂ ಹೊರೆಯಾಗಿತ್ತು. 1974ರ ಫೆಬ್ರುವರಿಯಲ್ಲಿ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಚೆಕ್ಕನ್ನು ಭಾರತ ಸರ್ಕಾರಕ್ಕೆ ಒಪ್ಪಿಸಿದರು. ಈ ಚೆಕ್ಕು ಗಿನ್ನಿಸ್ ದಾಖಲೆಗೂ ಸೇರಿತು. ಸುಮಾರು ಮೂರನೇ ಒಂದು ಪಾಲನ್ನು ಅಮೆರಿಕ ತನ್ನ ಬಳಕೆಗೆ ಉಳಿಸಿಕೊಂಡಿತು. ಎಂಬತ್ತರ ದಶಕದಲ್ಲಿ ಪುಸ್ತಕ ಖರೀದಿಯ ರೂಪಾಯಿ ಕರಗಿತು. ಯೋಜನೆ ನಿಲ್ಲಲಿಲ್ಲ. ಅಲ್ಲಿಯ ಗ್ರಂಥಾಲಯಗಳು ತಾವೇ ಡಾಲರ್ ತೆತ್ತು ಪುಸ್ತಕ ತರಿಸತೊಡಗಿದವು.

2008ರಲ್ಲಿ ಫುಲ್‌ಬ್ರೈಟ್ ಒಪ್ಪಂದವನ್ನೂ ಹೊಸದಾಗಿ ಬರೆಯಲಾಯಿತು. ಭಾರತ ತಾನೂ ಸಮಪಾಲು ಹಣ ಹಾಕಲು ಒಪ್ಪಿತು. ವಿದ್ಯಾರ್ಥಿವೇತನದ ಹೆಸರು ‘ಫುಲ್‌ಬ್ರೈಟ್-ನೆಹರೂ’ ಎಂದಾಯಿತು. 1950ರ ಒಪ್ಪಂದಕ್ಕೆ ಸಹಿ ಹಾಕಿದವರ ಹೆಸರು ಹಣದಲ್ಲಿ ಪಾಲು ಕೊಟ್ಟ ಮೇಲೆ ಯೋಜನೆಯ ಹೆಸರಿಗೆ ಸೇರಿತು. ಗೋಧಿಯ ಲೆಕ್ಕ ಎಂದೋ ಚುಕ್ತಾ ಆಗಿದೆ. ಆ ದುಡ್ಡಿನಲ್ಲಿ ಕಡಲು ದಾಟಿದ ಕನ್ನಡ ಪುಸ್ತಕಗಳು ಮಾತ್ರ ಅಲ್ಲಿ ಓದುಗರಿಗೆ ಇನ್ನೂ ದೊರೆಯುತ್ತಿವೆ.