ತಾಟಿನ ಮೇಲೆ ಅರಳಿದ ಹೂಬಳ್ಳಿ

ಸಾಲಹಳ್ಳಿಯ ಮನೆಯೊಂದರಲ್ಲಿ ಜೋಳದ ಚೀಲಗಳಿಗೆ ತೇವ ತಾಗದಿರಲೆಂದು ಕೆಳಗೆ ಹಾಕಿದ್ದ ಹಲಗೆಯೊಂದನ್ನು ಕಂಡೆ. ಧೂಳು ಒರೆಸಿದಾಗ ಕೆಂಪು ನೆಲದ ಮೇಲೆ ಹಳದಿ ಬಳ್ಳಿಯೊಂದು ಮೂಡಿತು. “ಇದರ ಮ್ಯಾಲ ಕುಂತು ನನ್ನ ಲಗ್ನ ಆಗೇತ್ರಿ ಫಾದರ್, ಕಿನ್ನಾಳದ ಮಣಿ ಅದು” ಎಂದರು ಮನೆಯ ಅಜ್ಜಿ.

ಕೊಪ್ಪಳದ ಸಮೀಪದ ಕಿನ್ನಾಳ ಚಿತ್ರಗಾರರ ಊರು. ಹಂಪಿಯ ವಿರೂಪಾಕ್ಷ ಗುಡಿಯ ವರ್ಣಚಿತ್ರಗಳು ತಮ್ಮ ಪೂರ್ವಜರ ಕೈಕೆಲಸವೆಂದು ಅವರು ನಂಬಿಕೊಂಡು ಬಂದಿದ್ದಾರೆ. ಹಗುರ ಮರದ ಮೇಲೆ ಸೆಣಬಿನ ಚಿಂದಿ, ಮರದ ಹೊಟ್ಟು ಹಾಗೂ ಹುಣಸೆಬೀಜದ ಅಂಟು ಬೆರೆತ ‘ಕಿಟ್ಟ’ವನ್ನು ಬಳಿದು, ಅರಿವೆಯ ತುಂಡುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟ ನಂತರವೇ ಬಣ್ಣದ ಸರದಿ. ಇಷ್ಟೊಂದು ಸಿದ್ಧತೆ ಕಣ್ಣಿಗೆ ಕಾಣುವುದೇ ಇಲ್ಲ.

ಗುಡಿಯ ಕಲೆ ಹೀಗೆ ಮನೆಯ ಮಣೆಗೆ ಇಳಿದುದನ್ನು ನೆನೆದಾಗಲೆಲ್ಲ ನನಗೆ ದೂರದ ನಾರ್ವೆಯ ಮರದ ತಾಟು ನೆನಪಾಗುತ್ತದೆ. ಅಲ್ಲಿಯೂ ದೇವಾಲಯಗಳ ಒಳಗೋಡೆಗಳನ್ನು ಅಲಂಕರಿಸಿದ ಹೂಬಳ್ಳಿ 18ನೆಯ ಶತಮಾನದಲ್ಲಿ ರೈತರ ಮನೆ ಹೊಕ್ಕಿತು. ಟೆಲೆಮಾರ್ಕ್, ಹಾಲಿಂಗ್‌ಡಾಲ್ ಸೀಮೆಗಳಲ್ಲಿ ಊರೂರು ಅಲೆಯುವ ಚಿತ್ರಗಾರರು ಪೆಟ್ಟಿಗೆ, ಬಟ್ಟಲು, ತಾಟುಗಳ ಮೇಲೆ ಕುಂಚದ ಬಾಗುಗೆರೆಗಳಿಂದ ಎಲೆಸುರುಳಿಗಳನ್ನು ಬರೆದರು. ಇದರ ಹೆಸರು ರೋಸೆಮಾಲಿಂಗ್. 19ನೆಯ ಶತಮಾನದ ಉತ್ತರಾರ್ಧಕ್ಕೆ ಅದೂ ಸೊರಗಿತು.

ಅದಕ್ಕೆ ಮರುಜೀವ ಬಂದುದು ಬಹುಮಟ್ಟಿಗೆ ಅಮೆರಿಕೆಯಲ್ಲಿ, ಅದೂ ಒಬ್ಬ ಬಂಡಿಗೆ ಬಣ್ಣ ಬಳಿಯುವವನಿಂದ! ನಾರ್ವೆಯ ಲ್ಯಾರ್ಡಾಲ್‌ನಲ್ಲಿ ಜನಿಸಿದ ಪೆರ್ ಲಿಸ್ನೆ 1907ರಲ್ಲಿ ವಿಸ್ಕಾನ್ಸಿನ್‌ನ ಸ್ಟೌಟನ್ ಪಟ್ಟಣಕ್ಕೆ ವಲಸೆ ಹೋಗಿ ಬಂಡಿ ಕಾರ್ಖಾನೆ ಸೇರಿದರು. ಮೋಟಾರು ಬಂದು ಬಂಡಿಗಳ ಕಾಲ ಮುಗಿಯಿತು. 1930ರ ದಶಕದ ಆರ್ಥಿಕ ಕುಸಿತವೂ ಎರಗಿತು. ಆಗ ಅವರು ತಂದೆಯಿಂದ ಕಲಿತ ವಿದ್ಯೆಯನ್ನು ನೆನೆದು ದೊಡ್ಡ ಮರದ ತಾಟುಗಳ ಮೇಲೆ ಹೂ ಬರೆದು ಮಾರತೊಡಗಿದರು. ವಲಸಿಗರ ಮಕ್ಕಳು ಕೊಂಡರು. ಕೆಲವರು ಕಲಿಯಲೂ ಮುಂದಾದರು. 1947ರಲ್ಲಿ ಅವರು ತೀರಿಕೊಂಡರೂ ಕಲೆ ನಿಲ್ಲಲಿಲ್ಲ.

ಕೊಂಡವರಲ್ಲಿ ಹಲವರು ಆ ತಾಟಿನಲ್ಲಿ ಊಟ ಬಡಿಸದೆ ಗೋಡೆಗೆ ತೂಗುಹಾಕಿದರು. ಇದು ಕಲೆಗೆ ಸಂದ ಗೌರವವೋ, ಬಳಕೆಯಿಂದ ಅದನ್ನು ದೂರವಿಟ್ಟ ತಪ್ಪೋ, ನಾನು ಇನ್ನೂ ನಿರ್ಧರಿಸಿಲ್ಲ. ಕಿನ್ನಾಳದ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ, ಸಂತೋಷ. ಆದರೆ ಮದುವೆಗೆ ಮಣೆ ಮಾಡಿಸುವವರು ಬೇಕಲ್ಲ?

ಅಜ್ಜಿಯನ್ನು ಇದನ್ನೇ ಕೇಳಿದೆ. “ಮೊಮ್ಮಗಳ ಲಗ್ನಕ್ಕ ಇದನ್ನ ತೊಳದು ಇಡೂಣು ಬಿಡ್ರಿ” ಎಂದು ಚೀಲ ಸರಿಸಲು ಮಗನನ್ನು ಕೂಗಿದರು.