ಒಂದು ಹೆಸರು, ಎರಡು ಕುಟುಂಬ: ‘ಜೇಡ್’ ಗಿಡಗಳ ಗುರುತು

ನಮ್ಮ ನರ್ಸರಿಗಳಲ್ಲಿ ‘ಜೇಡ್ ಪ್ಲಾಂಟ್’ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಉಗುರಗಲದ ಎಲೆ, ಕೆಂಗಂದು ಕಾಂಡದ ಪುಟ್ಟ ಗಿಡ: ಪೋರ್ಚುಲಕೇರಿಯ ಆಫ್ರ. ತೋಟಗಾರಿಕೆಯ ಗ್ರಂಥಗಳು ಅದೇ ಹೆಸರಿನಲ್ಲಿ ವರ್ಣಿಸುವುದು ಕ್ರಾಸುಲ ಒವೇಟವನ್ನು. ಎರಡರ ತವರೂ ದಕ್ಷಿಣ ಆಫ್ರಿಕ. ಎರಡರ ಎಲೆಯೂ ದಪ್ಪ, ನುಣುಪು, ರಸಭರಿತ. ಕುಟುಂಬ ಮಾತ್ರ ಬೇರೆ. ಎಲೆಯ ಗಾತ್ರವೊಂದನ್ನೇ ನಂಬಿ ಹೆಸರಿಡುವುದು ಸಾಲದು. ಇಕ್ಕಟ್ಟಾದ ಕುಂಡದಲ್ಲಿ ಕ್ರಾಸುಲದ ಎಲೆಯೂ ಕಿರಿದಾಗುತ್ತದೆ.

ಈ ಗೊಂದಲ ಹಳೆಯದು. 1768ರಲ್ಲಿ ಫಿಲಿಪ್ ಮಿಲ್ಲರ್ ‘ಕೋಟಿಲೆಡಾನ್ ಒವೇಟ’ ಎಂದು ಕರೆದ ಗಿಡವನ್ನು 1917ರಲ್ಲಿ ಡ್ರೂಸ್ ಕ್ರಾಸುಲ ಕುಲಕ್ಕೆ ತಂದರು. ನಡುವೆ ಲಮಾರ್ಕ್ ಅದಕ್ಕೆ ‘ಕ್ರಾಸುಲ ಪೋರ್ಚುಲೇಸಿಯ’ ಎಂಬ ಹೆಸರಿತ್ತಿದ್ದರು. ಪೋರ್ಚುಲಕ ಎಂದರೆ ನಮ್ಮ ಗೋಣಿಸೊಪ್ಪಿನ ಕುಲ. ಇನ್ನೊಂದು ಗಿಡದ ‘ಪೋರ್ಚುಲಕೇರಿಯ’ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು. ಎರಡೂ ಹೆಸರುಗಳು ಒಂದೇ ಸೊಪ್ಪನ್ನು ನೆನೆಯುತ್ತವೆ ಎಂಬುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ: ನುರಿತ ಕಣ್ಣಿಗೂ ಮೊದಲು ಬಿದ್ದದ್ದು ಎಲೆಯ ಹೋಲಿಕೆಯೇ.

ನಿರ್ಣಾಯಕ ಲಕ್ಷಣ ಹೂವಿನಲ್ಲಿದೆ. ಕ್ರಾಸುಲದ್ದು ಬಿಳಿ ಅಥವಾ ತಿಳಿಗುಲಾಬಿ ನಕ್ಷತ್ರ: ಐದು ದಳ, ಐದು ಕೇಸರ, ಐದು ಬಿಡಿ ಅಂಡಾಶಯ. ಪೋರ್ಚುಲಕೇರಿಯದ ನಸುಗೆಂಪು ಹೂ ತೀರ ಸಣ್ಣದು, ಅದಕ್ಕೆ ಪುಷ್ಪಪತ್ರಗಳು ಎರಡೇ. ಕಾಯಿಗೆ ಮೂರು ರೆಕ್ಕೆ, ಒಳಗೆ ಒಂದೇ ಬೀಜ. ಆ ಜೋಡಿ ಪುಷ್ಪಪತ್ರಗಳು ಗೋಣಿಸೊಪ್ಪಿನ ಬಳಗದ ಚಿಹ್ನೆ. ಆದ್ದರಿಂದಲೇ ಅದು ಬಹುಕಾಲ ಪೋರ್ಚುಲಕೇಸಿಯಲ್ಲಿತ್ತು. ಈಗ ಮಡಗಾಸ್ಕರಿನ ಮುಳ್ಳುಸಸ್ಯಗಳೊಂದಿಗೆ ಡಿಡಿಯರೇಸಿ ಕುಟುಂಬಕ್ಕೆ ಸೇರಿದೆ.

ಕುಂಡದ ಗಿಡ ಹೂ ಬಿಡುವುದು ಅಪರೂಪವಾದ್ದರಿಂದ ಎಲೆ, ಕಾಂಡಗಳನ್ನೇ ಓದಬೇಕು. ಎರಡರಲ್ಲೂ ಎಲೆಗಳು ಎದುರುಬದುರು. ಕ್ರಾಸುಲದ ಎಲೆ ಸಾಮಾನ್ಯವಾಗಿ 3ರಿಂದ 9 ಸೆಂ.ಮೀ.; ಭೂತಗನ್ನಡಿಯಡಿ ಅದರ ಮೇಲೆ ನೀರುಸೂಸುವ ರಂಧ್ರಗಳ ಸಣ್ಣ ಚುಕ್ಕೆಗಳು ಕಾಣುತ್ತವೆ, ಬಿಸಿಲಿಗೆ ಅಂಚು ಕೆಂಪೇರುತ್ತದೆ. ಎಳೆಯ ಕಾಂಡ ಹಸಿರು, ತೋರ. ಎಲೆ ಉದುರಿದೆಡೆ ಬಳೆಯಂಥ ಗುರುತು. ಪೋರ್ಚುಲಕೇರಿಯದ ಎಲೆ 1ರಿಂದ 2 ಸೆಂ.ಮೀ., ಎಳೆಗೊಂಬೆ ಸಪೂರ, ಕೆಂಪು. ನಾನು ಮೊದಲು ನೋಡುವುದು ಎಳೆಗೊಂಬೆಯ ಬಣ್ಣವನ್ನೇ.

ಕ್ರಾಸುಲದ ಬಂಧು ನಮ್ಮ ಹಿತ್ತಿಲಲ್ಲೇ ಇದೆ: ಎಲೆಯಂಚಿನಲ್ಲಿ ಮರಿ ಹುಟ್ಟಿಸುವ ಕಾಡುಬಸಳೆ. ಲಾಲ್‌ಬಾಗಿನ ಉಸ್ತುವಾರಿ ವಹಿಸಿದ್ದ ಬೆಂಜಮಿನ್ ಹೇನ್, ಅದರ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಎಂದು ಗಮನಿಸಿದ್ದು 1815ರಲ್ಲಿ ಪ್ರಕಟವಾಯಿತು. ಇಂಥ ಗಿಡಗಳು ಹಗಲು ಪತ್ರರಂಧ್ರ ಮುಚ್ಚಿ, ನೀರುಳಿಸಿ, ಇರುಳು ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಡುತ್ತವೆ. ಹಗಲಿನ ಬೆಳಕಿನಲ್ಲಿ ಅದನ್ನು ಬಳಸಿ ಸಕ್ಕರೆ ಕಟ್ಟುತ್ತವೆ. ಆ ಕ್ರಿಯೆಗೆ ವಿಜ್ಞಾನ ಕ್ರಾಸುಲದ ಕುಟುಂಬದ ಹೆಸರನ್ನೇ ಇಟ್ಟಿದೆ. ಪೋರ್ಚುಲಕೇರಿಯದ ಕ್ರಮ ಇನ್ನೂ ನಮ್ಯ: ನೀರಿದ್ದಾಗ ಮಾಮೂಲಿ ದಾರಿ, ಬರ ಬಂದಾಗ ಇರುಳಿನ ದಾರಿ.

ಹೆಸರಿನ ತಪ್ಪಿಗೆ ಮನೆಯಲ್ಲೂ ಬೆಲೆಯಿದೆ. ಆಫ್ರಿಕಾನ್ಸ್‌ನಲ್ಲಿ ‘ಸ್ಪೆಕ್‌ಬೂಮ್’ ಎನಿಸಿದ ಪೋರ್ಚುಲಕೇರಿಯ ಅಡ್ಡೊ ರಾಷ್ಟ್ರೀಯ ಉದ್ಯಾನದ ಆನೆಗಳ ಮೇವು. ಅದರ ಹುಳಿ ಎಲೆಯನ್ನು ಅಲ್ಲಿನ ಜನರೂ ತಿನ್ನುತ್ತಾರೆ. ಕ್ರಾಸುಲದ ಎಲೆ ನಾಯಿ, ಬೆಕ್ಕುಗಳಿಗೆ ವಿಷ. ನರ್ಸರಿಯ ಚೀಟಿಯಲ್ಲಿ ‘ಜೇಡ್’ ಜೊತೆಗೆ ಕುಲದ ಹೆಸರನ್ನೂ ಬರೆಯಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿ.