ಯಂತ್ರಕ್ಕೆ ನಮ್ಮ ಶೇಂಗಾ ಕೇಳಿಸುವುದೇ?



ಕಲ್ಯಾಣದುರ್ಗ, ಹಿಂದೂಪುರದ ಕಡೆ ನಾವೆಲ್ಲ ಶೇಂಗಾ ಹೊಲಗಳ ನಡುವೆ ಬೆಳೆದವರು. ಬೆಳೆ ಒಂದೇ ಆದರೂ ಹೆಸರು ಹಲವು. ಬಳ್ಳಾರಿ ಕಡೆಯವರು ಶೇಂಗಾ ಎಂದರೆ ತುಮಕೂರು ಕಡೆಯವರು ಕಡಲೆಕಾಯಿ ಎನ್ನುತ್ತಾರೆ. ಪಕ್ಕದ ಮನೆಯ ತೆಲುಗಿನವರಿಗೆ ಅದೇ ಶೆನಕ್ಕಾಯ. ನಮಗೆ ಮೂರೂ ಅರ್ಥವಾಗುತ್ತವೆ. ಆದರೆ ಫೋನಿನ ಆ ತುದಿಯಲ್ಲಿ ಯಂತ್ರವಿದ್ದರೆ? ಇದೇ ಪ್ರಶ್ನೆ ಇಟ್ಟುಕೊಂಡು ಗಣಕಯಂತ್ರಕ್ಕೆ ಕಿವಿ ಬಂದ ಚರಿತ್ರೆಯನ್ನು ಸ್ವಲ್ಪ ನೋಡೋಣ.

1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ 'ಆಡ್ರಿ' ಎಂಬ ಯಂತ್ರ ಬಾಯಲ್ಲಿ ಹೇಳಿದ ಅಂಕಿಗಳನ್ನು ಗುರುತಿಸಿತು. 1962ರಲ್ಲಿ ಐಬಿಎಂನ 'ಶೂಬಾಕ್ಸ್' 16 ಪದಗಳನ್ನು ಗುರುತಿಸಿತು. ಈ ವಿದ್ಯೆಯನ್ನು ಬಹಳ ಮುಂದಕ್ಕೆ ಒಯ್ದವರಲ್ಲಿ ಒಬ್ಬರು ನಮ್ಮ ರಾಯಲಸೀಮೆಯವರೇ. ಅಂದಿನ ಚಿತ್ತೂರು ಜಿಲ್ಲೆಯ ಕಾಟೂರಿನಲ್ಲಿ 1937ರಲ್ಲಿ ಹುಟ್ಟಿದ ರಾಜ್ ರೆಡ್ಡಿ, ರೈತನ ಮಗ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅವರ ತಂಡದ 'ಹಾರ್ಪಿ' 1976ರ ವೇಳೆಗೆ 1,011 ಪದಗಳನ್ನು ತಿಳಿಯುತ್ತಿತ್ತು. 1994ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಮನೆ ಗಣಕಗಳಿಗೂ ಈ ಆಸೆ ಬೇಗನೆ ತಗುಲಿತು. 1977ರಲ್ಲೇ 'ಸ್ಪೀಚ್‌ಲ್ಯಾಬ್' ಎಂಬ ಕಾರ್ಡು ಮಾರಾಟಕ್ಕಿತ್ತು. ಕೊಂಡವರು ಪ್ರತಿ ಪದವನ್ನೂ ತಮ್ಮ ದನಿಯಲ್ಲೇ ಹೇಳಿ ಅದಕ್ಕೆ ಕಲಿಸಬೇಕಿತ್ತು. 1990ರಲ್ಲಿ ಬಂದ 'ಡ್ರ್ಯಾಗನ್ ಡಿಕ್ಟೇಟ್' ತಂತ್ರಾಂಶದ ಬೆಲೆ 9,000 ಡಾಲರ್. ಅಷ್ಟು ಕೊಟ್ಟರೂ ಪದಪದಕ್ಕೂ ನಿಲ್ಲಿಸಿ ನಿಲ್ಲಿಸಿ ಮಾತಾಡಬೇಕಿತ್ತು. 1997ರಲ್ಲಿ ಅದೇ ಕಂಪನಿಯ 'ನ್ಯಾಚುರಲಿ ಸ್ಪೀಕಿಂಗ್' ಬಂದ ಮೇಲೆ ಪೆಂಟಿಯಂ ಗಣಕ, ಸಾಮಾನ್ಯ ಸೌಂಡ್ ಕಾರ್ಡು, ಒಂದು ಮೈಕು ಇದ್ದರೆ ಸಾಕಾಯಿತು. ಆದರೆ ಕನ್ನಡ ಅದಕ್ಕೆ ಬಾರದು.

ಫೋನಿಗೆ ಉತ್ತರಿಸುವ ಕೆಲಸವೇ ಬೇರೆ. ಸೌಂಡ್ ಕಾರ್ಡು ತಾನಾಗಿ ಫೋನ್ ಎತ್ತಲಾರದು. ಅದಕ್ಕೆ ದನಿಯನ್ನೂ ನಿಭಾಯಿಸುವ ವಾಯ್ಸ್ ಮೋಡೆಮ್ ಬೇಕಿತ್ತು. ಹಲವು ಲೈನುಗಳಿದ್ದರೆ ಅದಕ್ಕೆಂದೇ ಮಾಡಿದ ಟೆಲಿಫೋನ್ ಕಾರ್ಡು ಬೇಕಿತ್ತು. ಇವು ಕೇಳಿಸಿಕೊಳ್ಳುತ್ತಿದ್ದುದು ಹೆಚ್ಚಾಗಿ ನಮ್ಮ ಮಾತನ್ನಲ್ಲ, ಬೆರಳನ್ನು! ಒಂದರ ಗುಂಡಿ ಒತ್ತಿದರೆ 697 ಮತ್ತು 1,209 ಹರ್ಟ್ಜ್‌ನ ಎರಡು ನಾದಗಳು ಒಟ್ಟಿಗೆ ಹೊರಡುತ್ತವೆ. ಯಂತ್ರ ಆ ಜೋಡಿಯನ್ನು ಗುರುತಿಸುತ್ತದೆ. ಬೆರಳಿಟ್ಟು ತಿರುಗಿಸುವ ಹಳೆಯ ಡಯಲ್ ಫೋನಿನಲ್ಲಿ ಈ ನಾದವೇ ಇರಲಿಲ್ಲ.

ಮಾತನ್ನೇ ಗುರುತಿಸಬೇಕೆಂದರೆ ಇನ್ನೊಂದು ಕಷ್ಟವಿತ್ತು. ಹಳೆಯ ಟೆಲಿಫೋನ್ ವ್ಯವಸ್ಥೆ ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತದೆ. 'ಸ'ಕಾರದ ಬಲ ಹೆಚ್ಚಾಗಿ ಅದಕ್ಕಿಂತ ಮೇಲಿರುವುದರಿಂದ 'ಸ' ಮತ್ತು 'ಶ' ಫೋನಿನಲ್ಲಿ ಕಲಸಿಹೋಗಬಹುದು. ತರಗತಿಯಲ್ಲಿ ಈ ಎರಡಕ್ಕಾಗಿ ನಾವು ಪಡುವ ಪಾಡು ಯಂತ್ರಕ್ಕೂ ತಪ್ಪಲಿಲ್ಲ!

ಇನ್ನು ಕನ್ನಡದ ವಿಷಯಕ್ಕೆ ಬರೋಣ. ನಮಗೆ ಹತ್ತಿರದ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಸಂಸ್ಥೆಯಲ್ಲಿ ಜಿ. ತಿಮ್ಮರಾಜ ಯಾದವ್ ಮತ್ತು ಎಚ್. ಎಸ್. ಜಯಣ್ಣ ಅವರು, ರೈತರು ಫೋನಿನಲ್ಲಿ ಕನ್ನಡದಲ್ಲೇ ಕೇಳಿ ಮಾರುಕಟ್ಟೆ ಧಾರಣೆ ಮತ್ತು ಹವಾಮಾನ ತಿಳಿಯುವ ವ್ಯವಸ್ಥೆಯನ್ನು ರೂಪಿಸಿ, 2017ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಫೋನ್ ಎತ್ತಲು 'ಆಸ್ಟರಿಸ್ಕ್', ಮಾತು ಗುರುತಿಸಲು 'ಕಾಲ್ಡಿ'. ಎರಡೂ ಮುಕ್ತ ತಂತ್ರಾಂಶಗಳು, ಯಾರು ಬೇಕಾದರೂ ಪಡೆಯಬಹುದು. ಪುಕ್ಕಟೆ ಸಿಗದೆ ಇದ್ದದ್ದು ಒಂದೇ, ಕನ್ನಡದ ದನಿ. ಅದನ್ನು ಕರ್ನಾಟಕದ ಬೇರೆ ಬೇರೆ ಕಡೆಯ ರೈತರಿಂದ, ಸುತ್ತಲಿನ ಗದ್ದಲದ ನಡುವೆಯೇ ಸಂಗ್ರಹಿಸಬೇಕಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಗೂಗಲ್ ಕೂಡ ದನಿ ಟೈಪಿಂಗ್‌ಗೆ ಕನ್ನಡವನ್ನು ಸೇರಿಸಿತು.

ಈ ಚರಿತ್ರೆಯಿಂದ ನಮಗೆ ತಿಳಿಯುವುದಿಷ್ಟು. ಯಾವ ಕಾರ್ಡು, ಯಾವ ಮೋಡೆಮ್ ಎಂಬ ಪ್ರಶ್ನೆ ಕಾಲಕ್ಕೆ ತಕ್ಕಂತೆ ಹಳತಾಯಿತು. ಯಾರ ದನಿ ಕೇಳಿಸಿ ಯಂತ್ರಕ್ಕೆ ಕಲಿಸಿದರು ಎಂಬ ಪ್ರಶ್ನೆ ಮಾತ್ರ ಉಳಿಯಿತು. ಕರ್ನಾಟಕದ ಜಿಲ್ಲೆಗಳಲ್ಲೇ ಕನ್ನಡವನ್ನು ಹುಡುಕಿದರೆ ಮಡಕಶಿರಾ, ರೊಳ್ಳ, ಅಗಳಿಯ ಕನ್ನಡ ಅದರಲ್ಲಿ ಸೇರುವುದಿಲ್ಲ. 1953ರಲ್ಲಿ ಆಂಧ್ರ ರಾಜ್ಯವಾದಾಗ ಗಡಿಯ ಈಚೆ ಉಳಿದ ನಮಗೆ ಇದು ಹೊಸ ಅನುಭವವೇನಲ್ಲ.

ಆದರೆ ಭರವಸೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ 2022ರಲ್ಲಿ ಆರಂಭಿಸಿದ 'ವಾಣಿ' ಯೋಜನೆ ಭಾಷೆಯನ್ನು ಹಿಡಿದು ಹೊರಡದೆ, ಜಿಲ್ಲೆಯನ್ನು ಹಿಡಿದು, ಅಲ್ಲಿನ ಜನ ಆಡುವ ಮಾತನ್ನು ಸಂಗ್ರಹಿಸುತ್ತದೆ. ಅಂಥವರು ನಮ್ಮ ಊರಿಗೆ ಬಂದಾಗ ಪುಸ್ತಕದ ಕನ್ನಡಕ್ಕಾಗಿ ತಡವರಿಸುವುದು ಬೇಡ. ಮನೆಯಲ್ಲಿ ಆಡುವ ಹಾಗೆಯೇ ಆಡೋಣ, ನಮ್ಮ ಮಕ್ಕಳಿಗೂ ಅದನ್ನೇ ಹೇಳೋಣ. ನಾವು ಬಾಯಿ ಬಿಡದಿದ್ದರೆ ಯಂತ್ರಕ್ಕೆ ನಮ್ಮ ಶೇಂಗಾ ಕೇಳಿಸುವುದಾದರೂ ಹೇಗೆ?